ನಿಂತ ಗಾಡಿಯ ಖರ್ಚು

ನಮ್ಮ ಕಡೆ ಯಾರಾದರೂ ಕಾರು ಕೊಂಡರೆ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಎಷ್ಟ ಕೊಡತೈತಿ?" ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಅದರ ಅರ್ಥ. ಭೂಮಾಪನ ಇಲಾಖೆಯಲ್ಲಿ ಹೊಲ ಅಳೆಯುತ್ತಲೇ ನಿವೃತ್ತನಾದ ನಾನೂ ಅದನ್ನೇ ಕೇಳುತ್ತಿದ್ದೆ. ಆ ಪ್ರಶ್ನೆಯಲ್ಲಿ ಒಂದು ತುಂಡು ಬಿಟ್ಟುಹೋಗಿದೆ ಎಂದು ತೋರಿಸಿಕೊಟ್ಟವನು ಒಬ್ಬ ಡ್ರೈವರ್. ಅದೂ ನನ್ನಿಂದ ಒಂದು ತಪ್ಪು ನಡೆದ ಮೇಲೆ.

ನನ್ನ ಅಕ್ಕನ ಕಿಡ್ನಿ ಎರಡೂ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ದಿನ ಯಲಬುರ್ಗಾದಿಂದ ಕೊಪ್ಪಳಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಮೊದಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆವು. ಹೋಗುವಾಗ ಹೇಗೋ ನಡೆಯುತ್ತಿತ್ತು. ಬರುವಾಗ ಸೀಟು ಸಿಗದ ದಿನ ಅಕ್ಕ ಬಸ್ಸಿನ ಮೆಟ್ಟಿಲ ಹತ್ತಿರ ಚೀಲ ಹಾಸಿ ಕೂತು ಬರುತ್ತಿದ್ದಳು. ಅದನ್ನು ಒಂದು ದಿನ ನೋಡಿದ ನಮ್ಮೂರಿನ ಬಾಡಿಗೆ ಕಾರಿನವನು ತಾನಾಗಿ ಬಂದು ಕೇಳಿದ. ಅಕ್ಕನ ಜೊತೆ ಕಾಳಿನ ವ್ಯಾಪಾರದ ಒಬ್ಬ ಸಾವಕಾರರನ್ನೂ ಕೂಲಿ ಮಾಡುವ ಒಬ್ಬ ಹೆಣ್ಣುಮಗಳನ್ನೂ ಕೂಡಿಸಿದ. ಮೂವರೂ ಅದೇ ಆಸ್ಪತ್ರೆಗೆ ಹೋಗುವವರು. ಬಾಡಿಗೆಯನ್ನು ಮೂರು ಪಾಲು ಮಾಡಿದ. ಜೊತೆಗೆ ಬರುವ ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅವನದು ಹಳೆಯ ಡೀಸೆಲ್ ಗಾಡಿ. ಮೂವರ ಡಯಾಲಿಸಿಸ್ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಒಳಗೆ ಮುಂದಿನ ಪಾಳಿಯವರು ಆಗಲೇ ಬಂದು ಕುರ್ಚಿ ಹಿಡಿದಿರುತ್ತಾರೆ. ಆದ್ದರಿಂದ ಮೊದಲು ಹೊರಬಂದವರು ಕಾರಿನಲ್ಲಿ ಸೀಟು ಚಾಚಿ ಮಲಗಿ, ಉಳಿದವರಿಗಾಗಿ ಒಂದೂವರೆ ತಾಸು ಕಾಯಬೇಕು. ಅಷ್ಟು ಹೊತ್ತೂ ಅವನು ಎಂಜಿನ್ ಚಾಲೂ ಇಟ್ಟು ಎಸಿ ಹಾಕಿರುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಹೇಳಿದೆ: "ನಿಂತ ಗಾಡ್ಯಾಗ ಡೀಸೆಲ್ ಯಾಕ ಸುಡತೀಯಪಾ? ಬಂದ್ ಮಾಡು. ಕಿಟಕಿ ತಗದ್ರ ಗಾಳಿ ಬರತೈತಿ."

"ಬ್ಯಾಡ್ರಿ ಸಾಹೇಬ್ರ, ಇರ್ಲಿ."

"ನಿನ್ನ ಛಲೋದಕ್ಕ ಹೇಳಾಕತ್ತೀನಿ."

ಹಿರಿಯನ ಮಾತು ಮೀರಬಾರದೆಂದು ಅವನು ಕೀಲಿ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು. ಅವಳನ್ನು ಕೂರಿಸಿ ನಾನು ಗುಳಿಗೆ ತರಲು ಹೋದೆ. ಅವನು ಸಾವಕಾರರನ್ನು ಕರೆತರಲು ಒಳಗೆ ಹೋದ. ನಾನು ಇಪ್ಪತ್ತು ನಿಮಿಷದಲ್ಲಿ ಮರಳಿದೆ. ಆಗ ಅವನು ಅಕ್ಕನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದ. ಅವಳ ಒಂದು ಕೈ ಕೆಳಗೆ ಜೋತಾಡುತ್ತಿತ್ತು. ಆ ಕೈಯನ್ನು ನಾನು ಇಂದಿಗೂ ಮರೆತಿಲ್ಲ.

ರಕ್ತದೊತ್ತಡ ಕುಸಿದಿತ್ತು. ಸಿಸ್ಟರ್ ಮಲಗಿಸಿ ಕಾಲು ಮೇಲೆತ್ತಿ ಸಲೈನ್ ಹಾಕಿದರು. ಒಂದು ತಾಸಿನ ಮೇಲೆ ಅಕ್ಕ ಕಣ್ಣು ಬಿಟ್ಟು, "ಸೆಕಿ ಆಗಿತ್ತು. ಡೀಸೆಲ್ ಉಳೀಲಿ ಅಂತ ಸುಮ್ನ ಕೂತಿದ್ನೋ ತಮ್ಮಾ" ಎಂದಳು. ಡ್ರೈವರ್ ನನ್ನ ಕಡೆ ನೋಡಲಿಲ್ಲ. ಅಂದಿಗೂ, ಇಂದಿಗೂ ಆ ವಿಷಯವಾಗಿ ಅವನು ನನಗೆ ಒಂದು ಮಾತು ಅಂದಿಲ್ಲ.

ಮುಂದಿನ ಸಲದಿಂದ ಅವನು ಎಂಜಿನ್ ಬಂದ್ ಮಾಡಲೇ ಇಲ್ಲ. ಬಾಡಿಗೆಯನ್ನೂ ಏರಿಸಲಿಲ್ಲ. ಆದರೆ ಮುಂದಿನ ಬೇಸಿಗೆಯ ಹೊತ್ತಿಗೆ ಹಳೆಯ ಗಾಡಿಯ ರಿಪೇರಿಯೂ ಹೆಚ್ಚಿ, ಒಂದು ಬೆಳಿಗ್ಗೆ ಎಲ್ಲರ ಮುಂದೆ ಹೇಳಿದ: "ಹಿಂಗ ನಡಸಾಕ ಆಗೂದಿಲ್ರಿ. ಒಂದೋ ಪಾಲು ಏರಸಬೇಕು, ಇಲ್ಲಾ ಗಾಡಿ ಬದಲಿ ಮಾಡಬೇಕು."

ಕೂಲಿಯ ಹೆಣ್ಣುಮಗಳು ಮೆಲ್ಲಗೆ, "ಏರಸಿದ್ರ ನಾ ಬಸ್ಸಿಗೆ ಬರ್ತೀನಿರಿ ಅಣ್ಣಾರ" ಎಂದಳು. ಒಬ್ಬರು ಇಳಿದರೆ ಉಳಿದ ಇಬ್ಬರ ಪಾಲು ಇನ್ನೂ ಏರುತ್ತದೆ. ಆಮೇಲೆ ಅಕ್ಕನಿಗೂ ಬಸ್ಸಿನ ಮೆಟ್ಟಿಲೇ ಗತಿ.

ಗಂಗಾವತಿಯಲ್ಲಿ ಡ್ರೈವರ್‌ನ ಹೆಂಡತಿಯ ತಂಗಿಯ ಗಂಡ ಒಂದು ಹೈಬ್ರಿಡ್ ಕಾರು ಇಟ್ಟುಕೊಂಡು ಅಂಜನಾದ್ರಿ ಬೆಟ್ಟಕ್ಕೆ ಬರುವವರನ್ನು ಹನುಮನಹಳ್ಳಿಯವರೆಗೆ ಒಯ್ಯುತ್ತಾನೆ. ಪೆಟ್ರೋಲಿನ ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಗಾಡಿ. ಅದನ್ನು ನಮ್ಮ ಡ್ರೈವರ್ ಒಂದು ವಾರಕ್ಕೆ ಕೇಳಿ ತಂದ. "ಅಳಿಯೂದು ನಿಮ್ಮ ಕೆಲಸ್ರಿ ಸಾಹೇಬ್ರ" ಎಂದ. ನನ್ನಿಂದ ಆದದ್ದೆಲ್ಲ ಆದ ಮೇಲೂ ನನ್ನ ಅಳತೆಯನ್ನು ನಂಬುತ್ತಾನಲ್ಲ ಎಂದುಕೊಂಡು ಚೀಟಿ, ಪೆನ್ನು ತೆಗೆದುಕೊಂಡೆ.

ಒಂದು ವಾರ ಡೀಸೆಲ್ ಗಾಡಿ, ಒಂದು ವಾರ ಹೈಬ್ರಿಡ್. ಅದೇ ರಸ್ತೆ, ಅದೇ ಜನ. ನಮ್ಮೂರ ಬಂಕಿನಲ್ಲಿ ಟ್ಯಾಂಕಿನ ಬಾಯಿವರೆಗೆ ತುಂಬಿಸುವುದು, ನೊರೆ ಇಳಿಯುವವರೆಗೆ ಕಾದು ಮತ್ತೆ ತುಂಬಿಸುವುದು, ಕೊಪ್ಪಳ ಮುಟ್ಟಿದ ಕೂಡಲೆ ಆಸ್ಪತ್ರೆಯ ಎದುರಿನ ಬಂಕಿನಲ್ಲಿ ಮತ್ತೆ ಬಾಯಿವರೆಗೆ. ಅಲ್ಲಿ ಹಿಡಿದಷ್ಟು ಲೀಟರೇ ಆ ಓಟದ ಖರ್ಚು. ಹಿಂದಿನ ಸೀಟಿನಿಂದ ಸಾವಕಾರರು ನಗುತ್ತಿದ್ದರು: "ನಮಗೂ ಹಿಂಗ ಒಳಗ ಹೋಗೂ ಮುಂದ ತೂಕ, ಹೊರಗ ಬರೂ ಮುಂದ ತೂಕ. ಈಗ ಗಾಡಿಗೂ ಡಯಾಲಿಸಿಸ್ ಹಚ್ಚೀರಿ ಬಿಡ್ರಿ!"

ಓಟದಲ್ಲಿ ಡೀಸೆಲ್ ಗಾಡಿ ಲೀಟರಿಗೆ ಹದಿನೆಂಟು ಕೊಟ್ಟಿತು, ಹೈಬ್ರಿಡ್ ಇಪ್ಪತ್ತೆರಡು. ಆದರೆ ಪೆಟ್ರೋಲಿನ ಬೆಲೆ ಹೆಚ್ಚು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಎಂಟಾಣೆಯೂ ಉಳಿಯಲಿಲ್ಲ. "ಗಾಡಿ ಬದಲಿಸೂದು ಬ್ಯಾಡ. ಹೊಸಾದರ ಕಂತು ಹುಟ್ಟೂದಿಲ್ಲ" ಎಂದು ನಾನು ಚೀಟಿ ಮಡಚಿದೆ.

ಅವನು ಚೀಟಿ ತೆಗೆದುಕೊಂಡು ಎರಡು ಸಲ ಓದಿದ.

"ಸಾಹೇಬ್ರ, ನೀವು ಓಡೂ ಗಾಡಿ ಅಳದೀರಿ. ನಿಂತ ಗಾಡಿ ಅಳದಿಲ್ಲ."

ನಾನು ತಲೆ ತಗ್ಗಿಸಿದೆ. ಹೊಲ ಅಳೆಯುವಾಗ ಬದುವನ್ನು ಬಿಟ್ಟು ಅಳೆದಿದ್ದರೆ ಇಲಾಖೆಯಲ್ಲಿ ಮೇಲಿನವರು ನನಗೆ ಬಯ್ಯುತ್ತಿದ್ದರು. ಇವನು ಬಯ್ಯಲಿಲ್ಲ.

ಇನ್ನೊಂದು ವಾರಕ್ಕೆ ಗಾಡಿ ಕೇಳಿಕೊಂಡ. ಈ ಸಲ ಆಸ್ಪತ್ರೆ ಎದುರಿನ ಬಂಕಿನಲ್ಲಿ ತುಂಬಿಸಿ, ರಸ್ತೆ ದಾಟಿ ನೆರಳಿಗೆ ನಿಲ್ಲಿಸಿ, ಎಸಿ ಹಾಕಿ ಒಂದೂವರೆ ತಾಸು ಬಿಟ್ಟು, ಮತ್ತೆ ಅದೇ ಬಂಕಿಗೆ. ಹೀಗೆ ಎರಡೂ ಗಾಡಿಗಳಿಗೆ ಮೂರು ಮೂರು ದಿನ. ಮೂರು ದಿನ ಕೂಡಿಸಿದರೆ ಡೀಸೆಲ್ ಗಾಡಿ ನಿಂತಲ್ಲೇ ನಾಲ್ಕು ಲೀಟರಿನ ಮೇಲೆ ಕುಡಿದಿತ್ತು. ಹೈಬ್ರಿಡ್ ಒಂದೂವರೆ. ಅದರಲ್ಲಿ ಎಸಿ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಇಳಿದಾಗ ಮಾತ್ರ ಎಂಜಿನ್ ತಾನಾಗಿ ಎದ್ದು, ಕೆಲವು ನಿಮಿಷ ಓಡಿ, ತಾನಾಗಿ ಮಲಗುತ್ತದೆ.

ಕಾಯದೆ ಬರೀ ಓಡುವ ಬಾಡಿಗೆಗಾದರೆ ಡೀಸೆಲ್ಲೇ ಇರಲಿ ಎಂದು ನಾನು ಈಗಲೂ ಹೇಳಿಯೇನು, ಏಕೆಂದರೆ ಹೈಬ್ರಿಡ್ಡಿನ ಬೆಲೆ ದೊಡ್ಡದು. ಆದರೆ ಅವನ ಬಾಡಿಗೆ ಓಡುವುದರಲ್ಲಿ ಎಷ್ಟಿತ್ತೋ ಕಾಯುವುದರಲ್ಲೂ ಅಷ್ಟೇ ಇತ್ತು. ಓಟದ ಉಳಿತಾಯಕ್ಕೆ ನಿಂತದ್ದರ ಉಳಿತಾಯವನ್ನೂ ಹಳೆಯ ಗಾಡಿಯ ರಿಪೇರಿಯನ್ನೂ ಕೂಡಿಸಿದಾಗ ಸೆಕೆಂಡ್‌ಹ್ಯಾಂಡ್ ಗಾಡಿಯ ಕಂತು ಅಂತೂ ಹೊಂದಿತು. ಅವನು ಡೀಸೆಲ್ ಗಾಡಿ ಮಾರಿ ಹೈಬ್ರಿಡ್ ತಂದ. ಪಾಲು ಮೊದಲಿನಷ್ಟೇ ಉಳಿಯಿತು. ಕೂಲಿಯ ಹೆಣ್ಣುಮಗಳು ಬಸ್ಸಿಗೆ ಹೋಗಲಿಲ್ಲ.

ಹೊಸ ಗಾಡಿ ಬಂದ ಮೊದಲ ವಾರ. ಆಸ್ಪತ್ರೆಯ ಹೊರಗೆ ಬಿಸಿಲು ಸುಡುತ್ತಿತ್ತು. ಅಕ್ಕ ಸೀಟು ಚಾಚಿ ಮಲಗಿದ್ದಳು. ನಾನು ಪಕ್ಕದಲ್ಲಿದ್ದೆ. ಅವಳನ್ನು ಬಿಟ್ಟು ಈಗ ನಾನು ಎಲ್ಲಿಗೂ ಹೋಗುವುದಿಲ್ಲ. ಎಂಜಿನ್ನಿನ ಗುಡುಗುಡು ಥಟ್ಟನೆ ನಿಂತಿತು. ಅಕ್ಕ ಕಣ್ಣು ತೆರೆದಳು.

"ಮತ್ತ ಬಂದ್ ಮಾಡಿಸಿದೇನೋ ತಮ್ಮಾ?"

ಸೂಜಿ ಚುಚ್ಚದ ಅವಳ ಬಲಗೈ ಹಿಡಿದು ಎಸಿಯ ಗಾಳಿ ಬರುವ ಕಿಂಡಿಯ ಮುಂದೆ ಇಟ್ಟೆ. ತಣ್ಣಗೆ ಬರುತ್ತಲೇ ಇತ್ತು. ಅವಳು ಬೆರಳುಗಳನ್ನು ಅಗಲಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು, ಆಮೇಲೆ ಕಣ್ಣು ಮುಚ್ಚಿದಳು.