ಅಳಿಯನಿಗೆಂದು ಇಟ್ಟ ಕರಬೂಜ

ಈಗಿನ ಫ್ರಿಜ್ಜುಗಳಲ್ಲಿ ಕರಬೂಜ ವಾಸನೆಯನ್ನೇ ಬಿಡುವುದಿಲ್ಲ. ಪ್ಲಾಸ್ಟಿಕ್ ಸುತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತದೆ. ಮೊನ್ನೆ ಒಂದು ಬಿಳಿ ಕರಬೂಜವನ್ನು ಮರೆತು ಹೊರಗೇ ಇಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅಡುಗೆಮನೆಯೆಲ್ಲ ಅದರದೇ ಘಮ. ಆ ಘಮದಲ್ಲಿ ದೊಡ್ಡೇರಿ ಕಡೆಯ ನಮ್ಮಜ್ಜಿಯ ಮನೆಯ ಕತ್ತಲೆ ಕೋಣೆ. ನಿಮ್ಮ ಬಾಲ್ಯದಲ್ಲೂ ಅಂಥದೊಂದು ಕೋಣೆ ಇದ್ದೀತು. ಕಾನ್ವೆಂಟ್ ಹಾಸ್ಟೆಲಿನಿಂದ ಬೇಸಿಗೆ ರಜಕ್ಕೆ ನಾನು ಹೋಗುತ್ತಿದ್ದುದು ಅಲ್ಲಿಗೇ. ಹಣ್ಣು ಆರಿಸುವ ಅಧಿಕಾರ ಅಜ್ಜಿಯದು. ಅಂಗೈಯಲ್ಲಿ ತೂಗಿ, ತೊಟ್ಟಿನ ಎದುರು ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಗಿಗೆ ಹಿಡಿದು ನೋಡುವಳು. ಆಮೇಲೆ ರಾಗಿಹುಲ್ಲಿನ ಮೇಲೆ ಮಲಗಿಸಿ, ಕೂತ ಕಡೆ ಕೊಳೆಯದಂತೆ ದಿನಾ ಮಗ್ಗುಲು ಬದಲಿಸುವಳು, ಹಸುಗೂಸನ್ನು ಹೊರಳಿಸಿದ ಹಾಗೆ.

ಆ ವರ್ಷ ಕೆರೆಯಂಗಳದ ಬಳ್ಳಿಗಳು ಬೇಗ ಒಣಗಿ, ಹುಲ್ಲಿನ ಮೇಲೆ ಒಂದೇ ಹಣ್ಣು ಉಳಿದಿತ್ತು. ಮನೆಯ ಸೊಸೆ, ನಮ್ಮ ಚಿಕ್ಕಮ್ಮ, ಚೊಚ್ಚಲ ಬಸುರಿ. ತಿಂದದ್ದು ನಿಲ್ಲುತ್ತಿರಲಿಲ್ಲ, ಬಯಕೆಯೆಲ್ಲ ಆ ಹಣ್ಣಿನ ಮೇಲೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ಒಂದು ಹೋಳು ಕೊಡಿ ಅತ್ತೆ" ಎನ್ನುತ್ತಿದ್ದಳು. ಅಜ್ಜಿ ಅವಳೆದುರಿಗೇ ಹಣ್ಣನ್ನೆತ್ತಿ ಮೂಸಿ, "ಇನ್ನೂ ಕಾಯಿ ಕಣಮ್ಮ" ಎಂದು ಮತ್ತೆ ಮಲಗಿಸುತ್ತಿದ್ದಳು. ಪಾವಗಡದಿಂದ ಅಳಿಯ ಬರುವ ತನಕ ಅದು ಕಾಯಿಯೇ ಎಂಬುದು ಮಕ್ಕಳಿಗೂ ಗೊತ್ತಿತ್ತು.

ಅಳಿಯ, ಅಂದರೆ ಸೋದರತ್ತೆಯ ಗಂಡ, ನಮ್ಮ ಮಾವ, ಬಂದದ್ದು ತಡವಾಗಿ. ಅಜ್ಜಿ ಹೋಳುಗಳ ಮೇಲೆ ಬೆಲ್ಲ, ಏಲಕ್ಕಿ ಉದುರಿಸಿ ಚಿಕ್ಕಮ್ಮನ ಕೈಯಲ್ಲೇ ತಟ್ಟೆ ಕಳಿಸಿದಳು. ಮಾವ ಒಂದು ಹೋಳು ಬಾಯಿಗಿಟ್ಟವರೇ ಅಂಗಳಕ್ಕೆ ಉಗಿದರು.

"ಏನತ್ತೆ, ಅಳಿಯಂಗೆ ಅಂತ ಹೆಂಡ ಇಳಿಸಿಟ್ಟಿದ್ರಾ?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. "ನನ್ ಕೈಯಾಗೆ ಹಣ್ಣು ಯಾವತ್ತು ಕೆಟ್ಟೈತೆ? ಇವ್ಳು ದಿನಾ ಬಾಗ್ಲಾಗೆ ನಿಂತು ನೋಡಿ ನೋಡಿ ಕೆಡಿಸ್ಬುಟ್ಲು. ಬಸುರಿ ಕಣ್ಣು!"

ಚಿಕ್ಕಮ್ಮ ತಟ್ಟೆಯನ್ನು ಕೊಟ್ಟಿಗೆಗೆ ಒಯ್ದು ಎಮ್ಮೆಯ ಮುಂದೆ ಸುರಿದಳು. ಅದು ನೆಕ್ಕಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.

ಮಾರನೆಯ ದಿನ ಚಿಕ್ಕಪ್ಪ ಶಿರಾ ಸಂತೆಯಿಂದ ಇನ್ನೊಂದು ತಂದು, ತಾವೇ ಕುಯ್ದು ಅವಳ ಮುಂದಿಟ್ಟರು. ಮೂಗಿನ ಹತ್ತಿರ ಒಯ್ದವಳು ಓಕರಿಸಿಕೊಂಡು ತಟ್ಟೆ ಸರಿಸಿದಳು.

"ಬ್ಯಾಡ ಕಣ್ರೀ. ಆಸೇನೇ ಸತ್ತೋಯ್ತು."

"ನೋಡ್ರೇ, ಕೊಟ್ರೆ ತಿನ್ನಾಕಿಲ್ಲ. ಬಯಕೆ ಅಂತೆ ಬಯಕೆ!" ಒಳಗಿನಿಂದ ಅಜ್ಜಿಯ ದನಿ.

ಈಗ ಅಜ್ಜಿಯಿಲ್ಲ, ಚಿಕ್ಕಮ್ಮನೂ ಇಲ್ಲ. ಮನೆಯಿದ್ದ ಜಾಗದಲ್ಲಿ ಯಾರದೋ ತಗಡಿನ ಗೋದಾಮು. ಅವಳು ಸರಿಸಿದ ತಟ್ಟೆಗೆ ನಾವು ಮಕ್ಕಳು ಮುಗಿಬಿದ್ದಿದ್ದೆವು. ಅಷ್ಟು ಸಿಹಿಯಾದ ಹಣ್ಣನ್ನು ನಾನು ಮತ್ತೆಂದೂ ತಿಂದಿಲ್ಲ.