ಫಕೀರಪ್ಪನವರ ಬಿಸಿನೀರು

ಫಕೀರಪ್ಪನವರು ಕುರ್ಚಿಗೆ ಬೆನ್ನು ಆನಿಸಿ ಕುಳಿತದ್ದನ್ನು ನಾನು ಎಷ್ಟೋ ವರ್ಷ ನೋಡಿರಲಿಲ್ಲ. ನಮ್ಮ ಮನೆಗೆ ಬಂದರೆ ಅಂಚಿನಲ್ಲಿ ಕೂರುವರು. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಎದ್ದು, ಕಿಟಕಿಯ ಚಿಲಕ ಸಡಿಲವಾಗಿದೆಯೆಂದು ಅಲ್ಲಾಡಿಸುವರು. ಲೋಟ ಖಾಲಿಯಾಗುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿರುವರು. "ಬರ್ತೀನ್ರಿ ಅಕ್ಕೋರ" ಎಂಬ ಮಾತು ಬರುವಾಗಲೇ ಅವರ ಬಾಯಲ್ಲಿರುತ್ತಿತ್ತು. ನಾನು ಯಲಹಂಕದ ಪ್ರೈಮರಿ ಶಾಲೆಯಲ್ಲಿ ಟೀಚರ್. ಅವರ ಗದಗಿನ ಕಡೆ ಟೀಚರನ್ನು ಅಕ್ಕೋರು ಅನ್ನುತ್ತಾರಂತೆ. ಇಂಥ ಚಡಪಡಿಕೆಯ ಮನುಷ್ಯರನ್ನು ಕಂಡರೆ ನನಗೆ ತಲೆಬಿಸಿ. ನನ್ನ ಕ್ಲಾಸಿನಲ್ಲಿದ್ದಿದ್ದರೆ ಮೊದಲ ಬೆಂಚಿಗೆ ಎಳೆದು ಕೂರಿಸುತ್ತಿದ್ದೆ.

ಅವರದು ಯಲಹಂಕ ಉಪನಗರದ ಕೊನೆಯ ಸಾಲಿನ ಮನೆ, ನಮ್ಮದು ಅಟ್ಟೂರಿನ ಹಳೆ ಮನೆ. ನಡುವೆ ಒಂದು ರಾಗಿ ಹೊಲ. ಅವರು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದರು. ಹೆಂಡತಿ ಚನ್ನಕ್ಕ ಅವರಿಗೆ ತದ್ವಿರುದ್ಧ. ನಿಧಾನದ ಹೆಂಗಸು, ಅದರ ಮೇಲೆ ಸೊಂಟ ನೋವು. ಕೂತರೆ ಏಳಲು ಗೋಡೆ ಹಿಡಿಯಬೇಕು.

ಎಂಬತ್ತನಾಲ್ಕನೆಯ ಇಸವಿಯ ದಸರಾ ಮುಗಿದ ಮೇಲೆ ಅವರ ಒಬ್ಬಳೇ ಮಗಳು ಪಾರವ್ವನ ಕುಬಸ ಆರ್.ಟಿ. ನಗರದ ಅತ್ತೆಮನೆಯಲ್ಲಿ ನಡೆಯಿತು. ನಮ್ಮ ಕಡೆಯ ಸೀಮಂತಕ್ಕೆ ಅವರು ಕುಬಸ ಅನ್ನುತ್ತಾರೆ. ಆರತಿಯಾದ ಮೇಲೆ ಬೀಗತಿ ರತ್ನಕ್ಕ ಬಲು ನಯವಾಗಿ ಒಂದು ಮಾತು ಹೇಳಿದರಂತೆ: "ನಮ್ಮಲ್ಲಿ ಗೀಜರ್ ಐತಿ, ತಿರುವಿದ್ರ ಬಿಸಿನೀರು. ನೀವ್ಯಾಕ ತ್ರಾಸ ತಗೋತೀರಿ? ಬಾಣಂತನ ಇಲ್ಲೇ ಆಗ್ಲಿ."

ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಯದ ಮಾತಿಗೆ ಏನು ಹೇಳುವುದು? ಚನ್ನಕ್ಕ ಮನೆಗೆ ಬಂದರು. ಅದೇ ವಾರ ಅವರ ಬಚ್ಚಲಿನ ತಾಮ್ರದ ಬಾಯ್ಲರ್ ಸೋರತೊಡಗಿತು. ಸೋರುತ್ತಿದ್ದುದು ನಡುವೆ ಬೆಂಕಿ ಉರಿಯುವ ಕೊಳವೆಯೇ. ಚಕ್ಕೆ ಹಾಕಿ ಹೊತ್ತಿಸಿದರೆ ನೀರು ತೊಟ್ಟಿಕ್ಕಿ ಬೆಂಕಿ ಆರುತ್ತಿತ್ತು.

ಅವತ್ತು ಚನ್ನಕ್ಕ ನನ್ನೆದುರು ಅತ್ತರು. ಅವರ ತಾಯಿ ಅವರು ಚಿಕ್ಕವರಿದ್ದಾಗಲೇ ತೀರಿಹೋಗಿದ್ದರು. ಹೆರಿಗೆಗೆ ಹೋಗಲು ತವರೇ ಇರಲಿಲ್ಲ. ಪಾರವ್ವ ಹುಟ್ಟಿದ್ದು ಯಶವಂತಪುರದ ಬಾಡಿಗೆ ಕೋಣೆಯಲ್ಲಿ. ಸೀಮೆಎಣ್ಣೆ ಸ್ಟೌ ಮೇಲೆ ಒಂದು ಪಾತ್ರೆ ನೀರು, ಸೀರೆ ಮರೆ ಕಟ್ಟಿದ ಮೂಲೆ, ಮುಗಿಯಿತು ಬಾಣಂತನ.

"ಒಂದು ದಿನಾನೂ ಮೈ ತುಂಬ ಬಿಸಿನೀರು ಬೀಳ್ಲಿಲ್ರಿ ನನಗ. ಇವರೋ, ಒಳಗ ಬರೂದು, ಹೊರಗ ಹೋಗೂದು. ಒಂದು ಗಳಿಗಿ ಬಾಜೂಕ ಕೂಡ್ಲಿಲ್ಲ. ಸೊಂಟ ಅವತ್ತ ಹಿಡದದ್ದು. ನನ್ನ ಮಗಳಿಗೆ ಹಂಗ ಆಗಬಾರ್ದು. ಆಕಿ ಬಾಣಂತನ ನನ್ನ ಕೈಯಾಗ ಆಗಬೇಕು."

ಬಾಗಿಲಲ್ಲಿ ನಿಂತಿದ್ದ ಫಕೀರಪ್ಪನವರು ಅದನ್ನು ಕೇಳಿ ಸೈಕಲ್ ಹತ್ತಿ ಹೊರಟೇಬಿಟ್ಟರು.

ಆಮೇಲೆ ಶುರುವಾಯಿತು ನೋಡಿ. ಮೊದಲು ಯಶವಂತಪುರದಿಂದ ಅಕ್ಬರ್ ಪಾಷಾ ಎಂಬ ಬಾಯ್ಲರ್ ರಿಪೇರಿಯವರನ್ನು ಕರೆತಂದರು. ಪಾಷಾ ಕೊಳವೆಯೊಳಗೆ ಕೈ ಹಾಕಿ ತಡವಿ, "ಪೂರಾ ಸವೆದೋಗಿದೆ ಸಾಬ್. ಬೆಸುಗೆ ನಿಲ್ಲಲ್ಲ. ಹೊಸ ಪೈಪ್ ಹಾಕ್ಬೇಕು, ಹಬ್ಬದ ಕೆಲ್ಸ ಜಾಸ್ತಿ ಇದೆ, ಟೈಮ್ ಕೊಡಿ" ಅಂದರು. ಇವರಿಗೆ ಟೈಮ್ ಕೊಡುವ ಅಭ್ಯಾಸವೇ ಇಲ್ಲ. ಮರುದಿನ ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ರಾಡು ತಂದರು. ಚನ್ನಕ್ಕ, "ಒದ್ದಿ ಕೈಲೆ ಮುಟ್ಟಿದ್ರ ಬಾಣಂತಿ ಗತಿ ಏನ್ರಿ?" ಅಂದರು. ರಾಡು ವಾಪಸ್ಸು ಹೋಯಿತು. ಅದರ ಮಾರನೆಯ ದಿನ ಯಾರದೋ ಹಾಸ್ಟೆಲಿನ ತಾರಸಿ ಹತ್ತಿ, ಬಿಸಿಲಿನಲ್ಲಿ ನೀರು ಕಾಯಿಸುವ ಕಪ್ಪು ಹಲಗೆಗಳನ್ನು ನೋಡಿ ಬಂದರು. ಬೆಂಕಿ ಬೇಡ, ಕರೆಂಟು ಬೇಡ, ಸೂರ್ಯನೇ ಸಾಕು ಎಂದು ನಮ್ಮ ಅಂಗಳದಲ್ಲಿ ನಿಂತು ಭಾಷಣ ಮಾಡಿದರು. ಅರ್ಧಕ್ಕೆ ತಾವೇ ನಿಲ್ಲಿಸಿ ಆಕಾಶ ನೋಡಿ, "ಮೋಡ ಆದ್ರ?" ಎಂದು ಹೊರಟುಹೋದರು. ಹೆರಿಗೆ ಇದ್ದದ್ದು ಡಿಸೆಂಬರಿನಲ್ಲಿ.

ಕೊನೆಗೆ ಗೀಜರೇ ಎಂದು ನಿರ್ಧಾರವಾಯಿತು. ಅದರಲ್ಲಿ ಬೀಗತಿಯ ಮೇಲಿನ ಹಟವೂ ಇತ್ತು, ನಾನು ಕಂಡೆ. ಆದರೆ ಆ ಮನೆಯ ಕರೆಂಟು ದೀಪಕ್ಕೆ ಮಾತ್ರ ಕೊಟ್ಟದ್ದು. ಗೀಜರಿಗೆ ಬೇರೆ ಮೀಟರ್ ಹಾಕಿಸಬೇಕಿತ್ತು. ಫಕೀರಪ್ಪನವರು ರಾತ್ರಿ ಪಾಳಿ ಮುಗಿಸಿ ನೇರವಾಗಿ ವಿದ್ಯುತ್ ಆಫೀಸಿಗೆ ಹೋಗಿ, ಅಲ್ಲಿನ ಬೆಂಚಿನ ಮುಂದೆ ಶತಪಥ ಹಾಕುವರು. ಅಲ್ಲಿದ್ದವರಿಗೂ ಇವರನ್ನು ನೋಡಿ ಸಾಕಾಗಿರಬೇಕು, ಮೀಟರ್ ಬೇಗನೆ ಬಂತು. ಬಾಯ್ಲರನ್ನು ಅಕ್ಬರ್ ಪಾಷಾ ತೂಕಕ್ಕೆ ಕೊಂಡುಕೊಂಡರು. ಫಕೀರಪ್ಪನವರು ಹೊಗೆ ಹೋಗುವ ಕಿಂಡಿಗೆ ಇಟ್ಟಿಗೆಯಿಟ್ಟು ಸಿಮೆಂಟು ಮೆತ್ತಿದರು, ಮಸಿ ಹಿಡಿದ ಬಚ್ಚಲಿಗೆ ತಾವೇ ಸುಣ್ಣ ಬಳಿದರು. ಗೋಡೆಯ ಮೇಲೆ ಬೆಳ್ಳಗೆ ಗೀಜರ್ ಕೂತಿತು.

ನೋಡಲು ನಮ್ಮತ್ತೆ ಬೈರಮ್ಮನನ್ನೂ ಕರೆದೊಯ್ದಿದ್ದೆ. ಬೆಳಗಾದರೆ ನಮ್ಮ ಹಂಡೆಗೆ ಉರಿ ಹಾಕುವವರು ಅವರೇ. ನಲ್ಲಿಯಿಂದ ಹಬೆಯಾಡುತ್ತ ಬಿದ್ದ ನೀರಿಗೆ ಕೈಯೊಡ್ಡಿ, ಸುತ್ತ ನೋಡಿ, "ಬೆಂಕಿ ಎಲ್ಲಪ್ಪಾ?" ಅಂದರು.

"ಬೆಂಕಿ ಬ್ಯಾಡ ಅಂತನ ತಂದದ್ದು ಯವ್ವಾ" ಎಂದು ಫಕೀರಪ್ಪನವರು ನಕ್ಕರು. ನಾನೂ ನಕ್ಕೆ.

ಗೀಜರ್ ಬಂದ ಮೇಲೆ ಬೀಗರಿಗೆ ಬೇಡವೆನ್ನಲು ನೆಪ ಉಳಿಯಲಿಲ್ಲ, ಪಾರವ್ವ ತವರಿಗೆ ಬಂದಳು. ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತು. ಮನೆಗೆ ಬಂದ ಮೇಲೆ ಮೊದಲ ನೀರಿನ ದಿನ ನಾನೂ ಕೈಜೋಡಿಸಲು ಹೋಗಿದ್ದೆ. ಚನ್ನಕ್ಕ ಮಗಳಿಗೆ ನೆತ್ತಿಯಿಂದ ಎಣ್ಣೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ಬಿಸಿನೀರು ಹುಯ್ದರು. ಹುಯ್ಯುತ್ತಲೇ ಅಳುತ್ತಿದ್ದರು. ಗೀಜರ್ ಮರ್ಯಾದೆ ಉಳಿಸಿತು. ಮಗಳನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ, ಮಗ್ಗುಲಿಗೆ ಕೂಸನ್ನು ಹಾಕಿ, ಕಂಬಳಿ ಹೊದಿಸಿ ಚನ್ನಕ್ಕ ಕೂಗಿದರು: "ರೀ, ಕೆಂಡ ತರ್ರಿ."

ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡಬೇಕು. ಬೆನ್ನು, ಸೊಂಟ ಕಾಯಬೇಕು. ಅದರ ಮೇಲೆ ಲೋಬಾನ ಹಾಕಿ ಕೂಸಿಗೆ ಹೊಗೆ ತೋರಿಸಬೇಕು. ಯಾರಿಗೆ ಗೊತ್ತಿಲ್ಲ? ಆದರೆ ಕೆಂಡ ಯಾವತ್ತೂ ನೀರು ಕಾಯಿಸಿದ ಬೆಂಕಿಯಿಂದಲೇ ಬರುತ್ತಿತ್ತು. ಅದನ್ನು ಬೇರೆಯಾಗಿ ಯಾರೂ ಯೋಚಿಸಿದವರಲ್ಲ. ಮಕ್ಕಳನ್ನು ಹೆತ್ತ ನನಗೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಬಿಸಿನೀರೊಂದನ್ನೇ ನೆನೆದ ಚನ್ನಕ್ಕನಿಗೂ ಹೊಳೆದಿರಲಿಲ್ಲ. ಫಕೀರಪ್ಪನವರು ಬಚ್ಚಲಿಗೆ ಹೋಗಿ ಗೀಜರನ್ನು ನೋಡಿದರು, ಮೆತ್ತಿದ ಕಿಂಡಿಯನ್ನು ನೋಡಿದರು.

ಓಡಿ ಇದ್ದಿಲು ತಂದು, ಸೀಮೆಎಣ್ಣೆ ಸುರಿದು ಹಿತ್ತಲಲ್ಲಿ ಹೊತ್ತಿಸಿದರು. ಕೋಣೆಯೆಲ್ಲ ಎಣ್ಣೆಯ ನಾತ. ಕೂಸು ಸೀನತೊಡಗಿತು. "ಹೊರಗ ಒಯ್ರಿ ಅದನ್ನ!" ಎಂದು ಚನ್ನಕ್ಕ ಗದರಿದರು. ಆಮೇಲೆ ಮೆಲ್ಲಗೆ, "ರತ್ನಕ್ಕ ಬಂದು ನೋಡಿದ್ರ ಕೂಸು ಬಾಣಂತೀನ ಕರಕೊಂಡ ಹೋಗ್ತಾರ" ಅಂದರು. ಅವರ ಮುಖ ನೋಡಲಾಗಲಿಲ್ಲ.

ನಾನು ಏನಾದರೂ ಹೇಳುವ ಮೊದಲೇ ಫಕೀರಪ್ಪನವರು ಕಬ್ಬಿಣದ ಬಕೆಟ್ಟು ಹಿಡಿದು ರಾಗಿ ಹೊಲದಲ್ಲಿ ಓಡುತ್ತಿದ್ದರು. ನಮ್ಮ ಹಂಡೆಯ ಒಲೆಯಲ್ಲಿ ಹುಣಸೆ ಕಟ್ಟಿಗೆಯ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಬೈರಮ್ಮ ಗೋರಿ ಗೋರಿ ತುಂಬಿದರು. "ಅವತ್ತೇ ಕೇಳ್ನಲ್ಲಪ್ಪಾ ನಾನು, ಬೆಂಕಿ ಎಲ್ಲಿ ಅಂತ. ನಕ್ಕೊಂಡ್ರಿ ಇಬ್ರೂವೆ. ಓಗು, ಆರೋಗೋಕ್ ಮುಂಚೆ ಓಗು."

ಅಂದಿನಿಂದ ದಿನಾ ಇದೇ. ಪಾಳಿ ಯಾವುದೇ ಇರಲಿ, ಮಂಜು ಕವಿದಿರಲಿ, ಕುಯ್ದ ರಾಗಿಯ ಕೂಳೆಯ ನಡುವೆ ಬಕೆಟ್ಟು ಹಿಡಿದು ಓಡುವರು. ಕಿಡಿ ಸಿಡಿದು ಎಷ್ಟು ಪಂಚೆ ತೂತಾದವೋ! ಕೂರಲಾರದ ಮನುಷ್ಯನಿಗೆ ಕೊನೆಗೂ ಹೇಳಿಮಾಡಿಸಿದ ಕೆಲಸ ಸಿಕ್ಕಿತು ಎಂದು ನಾನು ಆಡಿಕೊಂಡೆ. ಅವರು ಮಾತ್ರ ನಗುತ್ತಿರಲಿಲ್ಲ. ಹಾದಿಯುದ್ದಕ್ಕೂ ಆರ್.ಟಿ. ನಗರದಿಂದ ಯಾರಾದರೂ ಬಂದರೋ ಎಂದು ತಮ್ಮ ಮನೆಯ ಗೇಟಿನ ಕಡೆ ನೋಡುತ್ತಿದ್ದರು.

ರತ್ನಕ್ಕ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದೇಬಿಟ್ಟರು. ಗೇಟಿನಲ್ಲಿ ಬೀಗತಿ, ಎದುರಿಗೆ ಸುಟ್ಟ ಪಂಚೆಯ ಬೀಗರು, ಕೈಯಲ್ಲಿ ಬಕೆಟ್ಟು. ಕೂಸಿಗೆಂದು ಹಾಲು ತಂದಿದ್ದ ನಾನು ಹಿಂದೆಯೇ ಇದ್ದೆ. "ನೀರಿಗೇನೂ ಕೊರತಿ ಇಲ್ರಿ, ಗೀಜರ್ ಐತಿ" ಎಂದು ಫಕೀರಪ್ಪನವರು ಬಡಬಡಿಸಿದರು. ರತ್ನಕ್ಕ ಬಕೆಟ್ಟಿನೊಳಗೆ ಇಣುಕಿದರು. ಒಳಗೆ ಬಂದರು, ಕೆಂಡ ಇಡುವುದನ್ನು ನೋಡಿದರು, ಬಗ್ಗಿ ಹೊರಸಿನ ಅಡಿಗೆ ಕೈಯೊಡ್ಡಿದರು. ಚನ್ನಕ್ಕ ಗೋಡೆ ಹಿಡಿದು ನಿಂತಿದ್ದರು.

"ನಮ್ಮ ಹಿರಿ ಸೊಸಿಗೆ ಇದು ಆಗ್ಲಿಲ್ಲ" ಅಂದರು ರತ್ನಕ್ಕ. "ಗೀಜರ್ ಇತ್ತು, ಅಷ್ಟ. ಆಕಿ ಇನ್ನೂ ಬೆನ್ನು ಬೆನ್ನು ಅಂತಾಳ. ಪಾರವ್ವ ಮೂರು ತಿಂಗಳು ತುಂಬೂತನಾ ಇಲ್ಲೇ ಇರ್ಲಿ ಬಿಡ್ರಿ."

ಚನ್ನಕ್ಕ ಗೋಡೆ ಬಿಟ್ಟರು. ಫಕೀರಪ್ಪನವರು ಚಹಾ ಮಾಡಲು ಓಡಿದರು.

ಶಿವರಾತ್ರಿ ಕಳೆದು ಮೂರು ತಿಂಗಳು ತುಂಬಿದ ಮೇಲೆ ಪಾರವ್ವ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಫಕೀರಪ್ಪನವರು ಮತ್ತೆ ಬಕೆಟ್ಟು ಹಿಡಿದು ನಮ್ಮ ಒಲೆಯ ಮುಂದೆ.

"ಮಗ್ಳು ಓದ್ಲಲ್ಲಪ್ಪಾ, ಇನ್ಯಾರಿಗೆ ಕೆಂಡ?" ಎಂದು ಬೈರಮ್ಮ ಕೇಳಿದರು.

"ಚನ್ನಿಗೆ" ಅಂದರು.

ನನಗೆ ಕುತೂಹಲ ತಡೆಯಲಿಲ್ಲ. ಪಾರವ್ವ ಬಿಟ್ಟುಹೋದ ಶಾಲು ನಮ್ಮಲ್ಲಿತ್ತು, ಅದನ್ನೇ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ಚನ್ನಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿಂದ ಬರುತ್ತಿದ್ದರು, ಮೈಯಿಂದ ಹಬೆ ಏಳುತ್ತಿತ್ತು. ಫಕೀರಪ್ಪನವರು ಮಗಳ ಹೊರಸಿನ ಕೆಳಗೆ ಕೆಂಡ ಸರಿಸಿ, "ಬಾ, ಮಲಕೋ" ಅಂದರು.

"ಹುಚ್ಚ ಹಿಡದೈತೇನ್ರಿ ನಿಮಗ? ಅಜ್ಜಿ ಆದಾಕಿ ನಾ. ಅಕ್ಕೋರು ನೋಡಾಕತ್ತಾರ."

"ಅವತ್ತ ಆಗ್ಲಿಲ್ಲ. ಇವತ್ತ ಮಲಕೋ."

ಚನ್ನಕ್ಕ ನನ್ನನ್ನು ನೋಡಿದರು. ನಾನು ಶಾಲು ಮಡಚುವವಳಂತೆ ತಲೆ ತಗ್ಗಿಸಿದೆ. ಅವರು ಮೆಲ್ಲಗೆ ಮಲಗಿ, ಕಾವು ಸೊಂಟಕ್ಕೆ ತಾಗಿದ ಕೂಡಲೇ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿಂದಲೇ ನೀರು ಹರಿಯಿತು. ಫಕೀರಪ್ಪನವರು ಕಂಬಳಿ ಹೊದಿಸಿ, ಹಗುರವಾಗಿ ಬಾಗಿಲ ಕಡೆ ಹೆಜ್ಜೆ ಇಟ್ಟರು.

"ಎಲ್ಲಿಗೆ ಹೊಂಟ್ರಿ?" ಕಣ್ಣು ತೆರೆಯದೆ ಕೇಳಿದರು ಚನ್ನಕ್ಕ. "ಅವತ್ತೂ ಹಿಂಗ ಹೋದ್ರಿ. ಕೆಂಡ ಆರೂತನಾ ಇಲ್ಲೇ ಕುಂದರ್ರಿ."

ನಾನು ಶಾಲನ್ನು ಕಿಟಕಿಯಲ್ಲಿಟ್ಟು ಹೊರಗೆ ಬಂದು, ಬಾಗಿಲು ಎಳೆದುಕೊಳ್ಳುವಾಗ ಒಮ್ಮೆ ತಿರುಗಿ ನೋಡಿದೆ. ಫಕೀರಪ್ಪನವರು ಕುರ್ಚಿಯನ್ನು ಹೊರಸಿನ ಪಕ್ಕಕ್ಕೆ ಎಳೆದುಕೊಂಡು, ಬೆನ್ನು ಆನಿಸಿ ಕುಳಿತಿದ್ದರು.