ಚೇಂಬರಿನೊಳಗಿನ ತಂಬಿಗೆ

ಇಂದು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುವಾಗ, ಆ ಹುಳಿ ವಾಸನೆಗೆ ಕಿತ್ತೂರಿನ ಚೇಂಬರು ನೆನಪಾಯಿತು. ಮೊದಲೇ ಹೇಳಿಬಿಡುತ್ತೇನೆ, ಕೆಲವು ವಿವರ ತಪ್ಪಿರಬಹುದು. ಅಲ್ಲಿ ಕೈಗೆ ಸಿಕ್ಕಾಗ ಈ ತಂಬಿಗೆಯಲ್ಲಿ ನೀರಿತ್ತೋ, ಆರಿಹೋಗಿತ್ತೋ, ಆಣೆ ಮಾಡಿ ಹೇಳಲಾರೆ. ಅಳತೆಯೇ ನನ್ನ ಉದ್ಯೋಗ. ಸಂಖ್ಯೆಯ ಪಕ್ಕದಲ್ಲಿ ‘ಇಷ್ಟು ಹೆಚ್ಚು ಕಡಿಮೆ ಇದ್ದೀತು’ ಎಂದು ಬರೆಯದೆ ಸಹಿ ಹಾಕುವವಳಲ್ಲ. ನೆನಪಿಗೇಕೆ ರಿಯಾಯಿತಿ, ನೀವೇ ಹೇಳಿ.

ಚೇಂಬರೆಂದರೆ ಕಿಟಕಿಯಿಲ್ಲದ ಉಕ್ಕಿನ ಕೋಣೆ. ಗೋಡೆಗೂ ನೆಲಕ್ಕೂ ಕರಿ ಸ್ಪಂಜಿನ ಮುಳ್ಳುಗಳು. ರೇಡಿಯೋ ಅಲೆಗಳು ಪುಟಿಯದಂತೆ ನುಂಗುವುದು ಅವುಗಳ ಕೆಲಸ. ಒಂದು ಕಡೆ ಆಂಟೆನಾ, ಎದುರಿಗೆ, ಅಲೆ ಬಡಿದರೂ ಕೆಡದೆ ನಡೆಯುತ್ತದೆಯೇ ಎಂಬ ಪರೀಕ್ಷೆಗೆ ಬಂದ ಯಂತ್ರ. ಅಲೆ ಅದರ ಮೈಮೇಲೆಲ್ಲ ಸಮನಾಗಿ ಬೀಳಬೇಕು. ಇಲ್ಲದಿದ್ದರೆ ಹುಳುಕು ಯಂತ್ರವೂ ಪಾಸಾಗಿಬಿಡುತ್ತದೆ. ಹೊಸ ಚೇಂಬರಿನಲ್ಲಿ ಅದು ಸಮನಾಗಿದೆಯೆಂದು ನಾನು ತೋರಿಸುವವರೆಗೆ ಕೆಲಸ ಶುರುವಾಗುವಂತಿರಲಿಲ್ಲ.

ಅಲೆಯ ಬಲ ತೋರಿಸುವ ಸಣ್ಣ ಪ್ರೋಬನ್ನು ಬಿಂದುವಿನಿಂದ ಬಿಂದುವಿಗೆ ಸರಿಸಿ ಅಳೆದೆ. ಎಡಗಡೆಯೆಲ್ಲ ಅಲೆ ಸೊರಗಿತ್ತು. ಬೈಲಹೊಂಗಲದವರಾದ ನಮ್ಮ ಹಿರಿಯ ಇಂಜಿನಿಯರರು ಚಹಾ ಹೀರುತ್ತ, “ಮೇಡಮ್ಮಾರ, ಚೇಂಬರ್ ಹೊಸಾದ್ ಐತ್ರಿ. ಹಳೇದ್ ಅಂದ್ರ ನಿಮ್ಮ ಕೈ ಒಂದ” ಎಂದರು.

ಅರ್ಧ ನಂಬಿಯೇಬಿಟ್ಟೆ. ನನ್ನನ್ನು ಅನುಮಾನಿಸಲು ನನಗೆ ಯಾರ ನೆರವೂ ಬೇಕಿಲ್ಲ. ಕೇಬಲ್ ಬದಲಿಸಿದೆ, ಪ್ರೋಬ್ ಬದಲಿಸಿದೆ, ಕೊನೆಗೆ ಕೈಯನ್ನೂ ಬದಲಿಸೋಣವೆಂದು ಅವರಿಂದಲೇ ಅಳೆಸಿದೆ. ಅದೇ ಕುಸಿತ, ಅದೇ ಎಡಗಡೆ. ಆಗ ಹೊಳೆಯಿತು: ಕೈಯ ತಪ್ಪು ಅತ್ತಿತ್ತ ಅಲೆದಾಡುತ್ತದೆ, ಹೀಗೆ ಒಂದೇ ಕಡೆ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ.

ಮಂಡಿಯೂರಿ ನೆಲದ ಮುಳ್ಳುಗಳ ನಡುವೆ ಕೈಯಾಡಿಸಿದೆ. ತಣ್ಣಗೆ ಏನೋ ತಾಗಿತು. ತಾಮ್ರದ ತಂಬಿಗೆ, ಕೊರಳಲ್ಲಿ ಅರಿಷಿಣದ ದಾರ. ಚೇಂಬರಿನ ಪೂಜೆ ಮಾಡಿಸಲು ಮುರಗೋಡದಿಂದ ಬಂದಿದ್ದ ನನ್ನ ಕಾಕಾರದು. ಪೂಜೆಯ ದಿನ ನಾನು ಸವದತ್ತಿಯಲ್ಲಿ ಮದುವೆ ಊಟ ಮಾಡುತ್ತಿದ್ದೆ. ಅಲೆಗಳು ಅದಕ್ಕೆ ಬಡಿದು ಪುಟಿದು, ಎಡಗಡೆ ಒಂದನ್ನೊಂದು ಅಳಿಸಿಹಾಕುತ್ತಿದ್ದವು.

ತೆಗೆದು ಅಳೆದೆವು. ಬಿಂದುಗಳು ಒಂದೊಂದೇ ಮೇಲೆದ್ದು ಸಾಲಿಗೆ ಬಂದವು. ಆ ಸಂತೋಷಕ್ಕೆ ಮಾತ್ರ ಹೆಚ್ಚು ಕಡಿಮೆ ಬರೆಯಬೇಕಿಲ್ಲ. ಹಿರಿಯ ಇಂಜಿನಿಯರರು ತಂಬಿಗೆ ತಿರುಗಿಸಿ ನೋಡಿ, “ಕೈ ನಿಮ್ದಲ್ರಿ, ನಿಮ್ಮ ಕಾಕಾರ್ದು” ಎಂದು ಆ ದಿನದ ಚಹಾ ತಾವೇ ಕುಡಿಸಿದರು.

ತಂಬಿಗೆ ಈಗ ಫಳಫಳ ಹೊಳೆಯುತ್ತಿದೆ. ನಿನ್ನೆ ಊರಿನಿಂದ ಬಂದ ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ. ಅದನ್ನು ಅವರ ಮುಂದಿಟ್ಟು, ಇಷ್ಟು ದಿನ ಕೇಳದ್ದನ್ನು ಕೇಳಿದೆ.

“ಕಾಕಾ, ಅವತ್ತ ಇದನ್ನ ಮರತ ಬಂದ್ರ್ಯೋ, ಅಲ್ಲೇ ಇರ್ಲಿ ಅಂತ ಬೇಕಂತನ ಇಟ್ಟ್ರ್ಯೋ?”

ಬಾಯಿ ತುಂಬ ಎಲೆಯಡಿಕೆ. ತಡಿ ಎಂದು ಕೈ ತೋರಿಸಿದರು. ಇನ್ನೂ ಅಗಿಯುತ್ತಲೇ ಇದ್ದಾರೆ.